ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಮುನ್ನ



ಶಾಲೆಯಿಂದ ಮಾರ್ಕ್ಸ್ ಕಾರ್ಡ್ ಬಂದ ಸಂಜೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಮಗು ಬಂದ ಕೂಡಲೇ ಅದನ್ನು ನಿಮ್ಮ ಕೈಗೆ ಕೊಡುತ್ತದೆಯೇ? ಅಥವಾ ಊಟ ಮುಗಿದು ಅಪ್ಪನ ಮುಖ ಸ್ವಲ್ಪ ಸಡಿಲವಾಗುವ ಹೊತ್ತಿಗಾಗಿ ಕಾಯುತ್ತದೆಯೇ? ಕಾಯುವುದಾದರೆ ಅದಕ್ಕೆ ಕಾರಣ ಕಡಿಮೆ ಅಂಕ ಮಾತ್ರವಲ್ಲ, ನಾವೂ ಹೌದು.

ನಾನು ಬಹಳ ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. ಒಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬ ತಂದೆಯ ಸಹಿಯನ್ನು ತಾನೇ ಹಾಕಿ ಕಾರ್ಡ್ ತಂದಿದ್ದ. ನೋಡಿದೊಡನೆ ಗೊತ್ತಾಯಿತು. ತಂದೆಯನ್ನು ಕರೆಸಿದೆ. ಇತರ ಉಪಾಧ್ಯಾಯರು ಕುಳಿತಿದ್ದ ಕೊಠಡಿಯಲ್ಲೇ, ಹುಡುಗನ ಎದುರಿಗೇ ಎಲ್ಲವನ್ನೂ ಹೇಳಿದೆ. ಅಂದಿನ ಕೂಲಿ ಬಿಟ್ಟು ಬಂದಿದ್ದ ಆ ಮನುಷ್ಯ ಒಂದು ಮಾತೂ ಆಡದೆ ತಲೆ ತಗ್ಗಿಸಿಕೊಂಡು ಹೋದ. ಮರುದಿನ ಹುಡುಗ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದಾಗ ಅವನ ಕಾಲುಗಳ ಮೇಲೆ ಬಾಸುಂಡೆಗಳಿದ್ದವು. ಹೊಡೆದದ್ದು ತಂದೆ ನಿಜ. ಆದರೆ ಅವರನ್ನು ನಾಲ್ಕು ಜನರ ಮುಂದೆ ಅವಮಾನಿಸಿ ಮನೆಗೆ ಕಳುಹಿಸಿದವನು ನಾನು. ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡಿದ್ದೇನೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ನಿಮಗೆ ಎಷ್ಟೋ ನನಗೂ ಅಷ್ಟೇ.

ಸೋಮವಾರ ಮತ್ತು ಶನಿವಾರ ಜಪಸರದಲ್ಲಿ ಸಂತೋಷದ ಐದನೆಯ ರಹಸ್ಯವನ್ನು ನಾವು ಧ್ಯಾನಿಸುತ್ತೇವೆ. ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲೇ ಉಳಿದುಬಿಟ್ಟರು. ಮೂರು ದಿನಗಳ ನಂತರ ತಂದೆತಾಯಿ ಅವರನ್ನು ದೇವಾಲಯದಲ್ಲಿ ಬೋಧಕರ ನಡುವೆ ಕಂಡರು. ಲೂಕನ ಶುಭಸಂದೇಶದ 2ನೆಯ ಅಧ್ಯಾಯವನ್ನು ತೆರೆದು ನಿಧಾನವಾಗಿ ಓದಿ ನೋಡಿ. ಮಾತೆ ಮರಿಯಮ್ಮನವರ ಮೊದಲ ಮಾತು ಒಂದು ಪ್ರಶ್ನೆ: ಏಕೆ ಹೀಗೆ ಮಾಡಿದೆ ಎಂದು. ತಾವಿಬ್ಬರೂ ಪಟ್ಟ ಸಂಕಟವನ್ನೂ ಮುಚ್ಚಿಡದೆ ಹೇಳಿದರು. ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆದರೂ ಕೇಳಿಸಿಕೊಂಡರು, ಮನಸ್ಸಿನಲ್ಲಿಟ್ಟುಕೊಂಡರು. ಬೋಧಕರ ಮೇಲೆ ಅವರು ರೇಗಿದರೆಂದೂ ಎಲ್ಲಿಯೂ ಬರೆದಿಲ್ಲ. ನಾವಾದರೋ 'ಏಕೆ ಇಷ್ಟು ಕಡಿಮೆ?' ಎಂದು ಕೇಳುತ್ತೇವೆ, ಉತ್ತರಕ್ಕೆ ಮಾತ್ರ ಕಾಯುವುದಿಲ್ಲ!

2025ರಲ್ಲಿ ದೈವಾಧೀನರಾದ ವಿಶ್ವಗುರು ಫ್ರಾನ್ಸಿಸ್ ಅವರು 2015ರ ಮೇ 20ರಂದು ತಮ್ಮ ಬಾಲ್ಯದ ಘಟನೆಯೊಂದನ್ನು ಭಕ್ತಾದಿಗಳಿಗೆ ಹೇಳಿದ್ದರು. ನಾಲ್ಕನೆಯ ತರಗತಿಯಲ್ಲಿದ್ದಾಗ ಅವರು ಶಿಕ್ಷಕಿಗೆ ಕೆಟ್ಟ ಮಾತಾಡಿದರು. ಶಿಕ್ಷಕಿ ತಾಯಿಗೆ ಹೇಳಿ ಕಳುಹಿಸಿದರು. ಮರುದಿನ ಬಂದ ತಾಯಿ ಮೊದಲು ಶಿಕ್ಷಕಿಯೊಡನೆ ಮಾತಾಡಿ, ಆಮೇಲೆ ಮಗನನ್ನು ಕರೆಸಿ, ಮೃದುವಾಗಿಯೇ ತಪ್ಪನ್ನು ತಿಳಿಸಿ ಕ್ಷಮೆ ಕೇಳಿಸಿದರು. ಮನೆಗೆ ಹೋದ ಮೇಲೆ ಎರಡನೆಯ ಅಧ್ಯಾಯ ಶುರುವಾಯಿತು ಎಂದು ಪೋಪರು ನಗುತ್ತ ಸೇರಿಸಿದ್ದರು. ಈಗ ಶಿಕ್ಷಕಿ ಹೀಗೆ ಹೇಳಿ ಕಳುಹಿಸಿದರೆ, ಮರುದಿನ ಹೆತ್ತವರು ಬಂದು ಶಿಕ್ಷಕಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ ಎಂಬುದು ಅವರ ಕೊರಗು.

ನಮ್ಮಲ್ಲೂ ಇದೇ ಕಥೆ. 'ನಿಮ್ಮ ಟೀಚರಿಗೆ ಏನು ಗೊತ್ತು?' ಎಂದು ಮಗುವಿನ ಮುಂದೆ ಅಡುಗೆಮನೆಯಲ್ಲಿ ಆಡಿದ ಮಾತು ಮರುದಿನ ಅದರ ಜೊತೆಯಲ್ಲೇ ತರಗತಿಗೆ ಬಂದು ಕೂರುತ್ತದೆ. ಹಾಗಾದರೆ ಶಿಕ್ಷಕರು ತಪ್ಪೇ ಮಾಡುವುದಿಲ್ಲವೇ? ಮಾಡುತ್ತಾರೆ, ಮೇಲೆ ಒಂದನ್ನು ಓದಿದಿರಷ್ಟೆ. ಆಗ ಮಗುವನ್ನು ಹೊರಗೆ ಬಿಟ್ಟು ನೀವೊಬ್ಬರೇ ಹೋಗಿ ಮಾತಾಡಿ. ಆದರೆ ಮಗುವಿನ ಮೇಲೆ ಕೈ ಮಾಡಿದ್ದರೆ ಸುಮ್ಮನಿರಬೇಡಿ, ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆ ಹೇಳುವುದು ಶಾಲೆಗೆ. ಮನೆಯೊಳಗಿನ ಬೆಲ್ಟಿನ ವಿಷಯದಲ್ಲಿ ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರವಿದೆ (3:21). ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಂದಿಸಬೇಡಿ ಎಂದು ಅಲ್ಲಿ ಅವರು ತಂದೆಯರಿಗೇ ಹೇಳಿದ್ದಾರೆ.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಮಕ್ಕಳ ಮೊದಲ ಮತ್ತು ಪ್ರಮುಖ ಶಿಕ್ಷಕರು ತಂದೆತಾಯಿಗಳೇ ಎಂದು ಹೇಳಿದೆ. ಸಂತ ದ್ವಿತೀಯ ಜಾನ್ ಪೌಲರು 1981ರಲ್ಲಿ, ಶಿಕ್ಷಕರೊಡನೆ ಸೌಹಾರ್ದದಿಂದ ಒಡನಾಡುವುದು ಹೆತ್ತವರ ಗಂಭೀರ ಕರ್ತವ್ಯವೆಂದರು. 'ನಮಗೆ ಓದು ಬರಹ ಬಾರದು, ನಾವೇನು ಕಲಿಸೋಣ?' ಎಂದು ಕೆಲವರು ಕೇಳುತ್ತಾರೆ. ಬೀಜಗಣಿತ ನೀವು ಕಲಿಸಬೇಕಾಗಿಲ್ಲ. ಸಂಜೆ ಒಂದು ಗಂಟೆ ಟಿ.ವಿ. ಆರಿಸಿ, ನಿಮ್ಮ ಮೊಬೈಲನ್ನೂ ಬದಿಗಿಟ್ಟು, ಮಗು ಓದುವ ಕಡೆ ನೀವೂ ಕುಳಿತುಕೊಳ್ಳಿ. ಅವರೆಕಾಯಿ ಸುಲಿಯುತ್ತಿದ್ದರೂ ಸರಿ. ಅಣ್ಣನ ಮಗನ ಅಂಕ, ಪಕ್ಕದ ಮನೆಯವಳ ಅಂಕ ಎತ್ತಬೇಡಿ.

ಇನ್ನು ಪೋಷಕರ ಸಭೆ. ಅಲ್ಲಿ ಬೆಂಚು ತುಂಬ ತಾಯಂದಿರೇ! ತಂದೆಯರು ಕಾಣಿಸುವುದು ಫೀಸಿನ ತಕರಾರಿದ್ದಾಗ. ಅರ್ಧ ದಿನ ರಜೆ ಹಾಕಿ ಹೋಗಿ. ಅಂಕ ಕಾರ್ಡಿನಲ್ಲೇ ಇದೆ, ಅದನ್ನು ಬಿಟ್ಟು ಬೇರೆ ಕೇಳಿ. ನನ್ನ ಮಗ ಯಾರ ಜೊತೆ ಕೂರುತ್ತಾನೆ, ಸಂದೇಹ ಬಂದರೆ ಕೈ ಎತ್ತುತ್ತಾನೆಯೇ, ಊಟದ ಹೊತ್ತಿನಲ್ಲಿ ಒಬ್ಬನೇ ಇರುತ್ತಾನೆಯೇ?

ಈ ಶನಿವಾರ ಜಪಸರ ಮುಗಿದ ಮೇಲೆ ಮಕ್ಕಳನ್ನೇ ಕೇಳಿ ನೋಡಿ: 'ಶಾಲೆಯ ಯಾವ ವಿಷಯವನ್ನು ನಮಗೆ ಹೇಳಲು ನಿನಗೆ ಹೆದರಿಕೆ?' ಅವರು ಬಾಯಿ ಬಿಡುವವರೆಗೆ ನೀವು ಮಾತಾಡಬೇಡಿ.