ಬಸಿರಿಯ ಹಾಲು ಮಗುವಿಗೆ ಕೆಡುಕೇ?

ಕೆಲವು ತಿಂಗಳ ಹಿಂದೆ ನಮ್ಮ ಮದ್ರಸದ ವಿದ್ಯಾರ್ಥಿನಿಯೊಬ್ಬಳು ತಾಯಿ ಬರೆದುಕೊಟ್ಟ ಚೀಟಿಯೊಂದನ್ನು ತಂದಳು. ತಾಯಿಗೆ ಮೂರು ತಿಂಗಳು ತುಂಬಿದೆ. ಮಡಿಲಲ್ಲಿ ಹದಿನಾಲ್ಕು ತಿಂಗಳ ಮಗು. ಬಸಿರಿಯ ಹಾಲು ಕುಡಿದ ಮಗು ಸೊರಗುತ್ತದೆ, ಹೊಟ್ಟೆಯಲ್ಲಿರುವುದೂ ನಿಲ್ಲುವುದಿಲ್ಲ ಎಂದು ಅತ್ತೆ ಎದೆಗೆ ಬೇವಿನ ರಸ ಹಚ್ಚಿಸಿದ್ದರು. ಮಗು ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ‘ಹಾಲು ಕೊಟ್ಟರೆ ನಾನು ಪಾಪಿಯಾಗುವೆನೇ?’ ಎಂಬುದು ಆಕೆಯ ಪ್ರಶ್ನೆ.

ಸಹೋದರಿಯರೇ, ಈ ಭಯ ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ. ಸಾವಿರದ ನಾನೂರು ವರ್ಷಗಳ ಹಿಂದೆ ಅರಬರಲ್ಲಿಯೂ ಇತ್ತು. ಅವರು ಇದನ್ನು ‘ಗೀಲ’ ಎಂದು ಕರೆಯುತ್ತಿದ್ದರು. ಹಾಲುಣಿಸುವ ಪತ್ನಿಯೊಡನೆ ಸಂಸರ್ಗ ಮಾಡುವುದೇ ಗೀಲ ಎಂದು ಇಮಾಮ್ ಮಾಲಿಕ್(ರ) ವಿವರಿಸಿದ್ದಾರೆ. ಬಸಿರಿಯು ಹಾಲುಣಿಸುವುದು ಎಂದು ಭಾಷಾ ಪಂಡಿತ ಇಬ್ನು ಸಿಕ್ಕೀತ್ ಅರ್ಥ ಹೇಳಿದ್ದಾರೆ. ಎರಡರ ಹಿಂದಿರುವ ಅಂಜಿಕೆ ಒಂದೇ. ಅಂತಹ ಹಾಲು ಕುಡಿದವನು ಬೆಳೆದು ಸವಾರನಾದ ಮೇಲೂ ಅದರ ದೌರ್ಬಲ್ಯ ಅವನನ್ನು ಕುದುರೆಯಿಂದ ಕೆಡವುತ್ತದೆ ಎಂಬ ಮಾತಿತ್ತು.

ಜುದಾಮ ಬಿಂತ್ ವಹಬ್(ರ) ಅವರ ವರದಿಯೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿವರ್ಯರು(ಸ) ಗೀಲವನ್ನು ನಿಷೇಧಿಸಲು ಯೋಚಿಸಿದ್ದರು. ಆದರೆ ರೋಮನರೂ ಪರ್ಷಿಯನ್ನರೂ ಹಾಗೆ ಮಾಡುತ್ತಾರೆ, ಅವರ ಮಕ್ಕಳಿಗೆ ಅದರಿಂದ ಕೇಡಾಗುತ್ತಿಲ್ಲ ಎಂಬುದನ್ನು ಗಮನಿಸಿ ನಿಷೇಧಿಸಲಿಲ್ಲ. ಇಲ್ಲಿ ತುಸು ನಿಂತು ಯೋಚಿಸಿರಿ. ಪುರಾವೆಯಾಗಿ ನಿಂತದ್ದು ಯಾರ ಮಕ್ಕಳು? ಮುಸ್ಲಿಮರಲ್ಲದ ಪರದೇಶದವರ ಮಕ್ಕಳು. ಕಣ್ಣೆದುರಿನ ಅನುಭವವೇ ಅಲ್ಲಿ ತೂಕಕ್ಕೆ ಬಂತು. ಅಬೂದಾವೂದ್‌ನಲ್ಲಿ ಇದಕ್ಕೆ ವಿರುದ್ಧವೆಂದು ತೋರುವ ಒಂದು ವರದಿಯೂ ಇದೆ, ಸವಾರನ ಮಾತು ಬರುವುದು ಅದರಲ್ಲಿಯೇ. ಅದನ್ನು ಮುಚ್ಚಿಡಬೇಕಾಗಿಲ್ಲ. ಅದು ಎಚ್ಚರಿಕೆಯ ಮಾತು, ನಿಷೇಧವಲ್ಲ ಎಂದು ವಿದ್ವಾಂಸರು ಎರಡನ್ನೂ ಹೊಂದಿಸಿದ್ದಾರೆ.

ಎಚ್ಚರಿಕೆಗೆ ಅರ್ಥವಿಲ್ಲದಿಲ್ಲ. ಮಗು ಚೀಪುವಾಗ ತಾಯಿಯ ದೇಹದಲ್ಲಿ ಆಕ್ಸಿಟೋಸಿನ್ ಎಂಬ ರಸ ಸ್ರವಿಸುತ್ತದೆ. ಅದು ಗರ್ಭಕೋಶವನ್ನು ಸ್ವಲ್ಪ ಸಂಕುಚಿಸಬಲ್ಲದು. ತೊಂದರೆಯಿಲ್ಲದ ಬಸಿರಿನಲ್ಲಿ ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಹಿಂದೆ ಅವಧಿಗೆ ಮುನ್ನ ಹೆರಿಗೆಯಾಗಿದ್ದರೆ, ರಕ್ತಸ್ರಾವ ಕಂಡರೆ, ಅವಳಿ ಇದ್ದರೆ, ಹೊಟ್ಟೆ ಬಿಗಿದು ನೋವು ಬರುತ್ತಿದ್ದರೆ ವೈದ್ಯರನ್ನು ಕೇಳದೆ ಮುಂದುವರಿಸಬಾರದು.

ಇನ್ನು ಹಾಲು ‘ಕೆಡುವ’ ಮಾತು. ಹಾಲು ಕೆಡುವುದಿಲ್ಲ, ಕಡಿಮೆಯಾಗುತ್ತದೆ. ಬಸಿರಿನ ನಡು ತಿಂಗಳುಗಳಲ್ಲಿ ಬಹಳ ತಾಯಂದಿರಿಗೆ ಹಾಲು ಇಳಿಯುತ್ತದೆ, ರುಚಿಯೂ ಬದಲಾಗುತ್ತದೆ, ಕೊನೆಗೆ ಹೊಸ ಮಗುವಿಗಾಗಿ ಗಿಣ್ಣು ಹಾಲು ಬರತೊಡಗುತ್ತದೆ. ಕೆಲವು ಮಕ್ಕಳು ತಾವಾಗಿಯೇ ಬಿಡುತ್ತವೆ. ಮಗು ಸೊರಗುವುದು ಹಾಲಿನಲ್ಲಿ ವಿಷವಿರುವುದರಿಂದಲ್ಲ, ಇಳಿದ ಹಾಲಿನ ಜಾಗವನ್ನು ಬೇರೆ ಆಹಾರ ತುಂಬದಿರುವುದರಿಂದ. ಹಿರಿಯರು ಕಂಡದ್ದು ಸುಳ್ಳಲ್ಲ, ಕಾರಣ ಬೇರೆ. ಆರು ತಿಂಗಳೊಳಗಿನ ಮಗುವಿದ್ದರೆ ತೂಕ ನೋಡಿಸುತ್ತಿರಬೇಕು. ವರ್ಷ ದಾಟಿದ ಮಗುವಿಗೆ ಅನ್ನ, ಬೇಳೆ, ಮೊಟ್ಟೆ, ಹಣ್ಣು ಹೆಚ್ಚಬೇಕು.

ತಾಯಿಯ ತಟ್ಟೆಯನ್ನೂ ನೋಡಿರಿ. ಮೂರು ಜೀವಗಳಿಗೆ ಒಬ್ಬಳ ಊಟ! ಅಲ್‌ಬಕರ ಅಧ್ಯಾಯದ 233ನೇ ಸೂಕ್ತವು ಹಾಲುಣಿಕೆಯ ಅವಧಿ ಪೂರ್ತಿಗೊಳಿಸಬಯಸುವವರಿಗೆ 2 ವರ್ಷಗಳನ್ನು ಹೇಳುವಾಗ, ತಾಯಿಯ ಅನ್ನ ವಸ್ತ್ರಗಳ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ಹಾಲು ಬಿಡಿಸುವ ಚರ್ಚೆಯಲ್ಲಿ ಈ ಭಾಗ ನಮ್ಮ ಗಂಡಸರ ನೆನಪಿಗೆ ಬರುವುದು ಅಪರೂಪ. ಸರಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ 180 ದಿನಗಳದ್ದು, ಅದನ್ನು ಚಹಾದೊಡನೆ ನುಂಗಬಾರದು.

ಅದೇ ಸೂಕ್ತದಲ್ಲಿ, 2 ವರ್ಷಕ್ಕೆ ಮೊದಲೇ ಬಿಡಿಸುವುದಾದರೆ ತಂದೆತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಿ ಬಿಡಿಸಬಹುದು ಎಂದಿದೆ. ಬಿಡಿಸಿದರೆ ದೋಷವಿಲ್ಲ, ಮುಂದುವರಿಸಿದರೂ ದೋಷವಿಲ್ಲ. ಬೇವಿನ ರಸ ಸಮಾಲೋಚನೆಯಲ್ಲ. ಆ ತಾಯಿಗೆ ಇಷ್ಟನ್ನೇ ಬರೆದು ಕಳುಹಿಸಿದೆ, ಗಂಡನೂ ಓದಲಿ ಎಂದು ಸೇರಿಸಿದೆ. ವೈದ್ಯರನ್ನು ಕಂಡು ಬಂದು ಹಗಲು ನಿಲ್ಲಿಸಿ, ರಾತ್ರಿ ಮಲಗುವಾಗ ಮಾತ್ರ ಕೊಡುತ್ತಿದ್ದೇನೆಂದು ಉತ್ತರ ಬಂತು. ಹೆರಿಗೆಯ ನಂತರ ಇಬ್ಬರೂ ಕುಡಿಯುವುದಾದರೆ ಗಿಣ್ಣು ಹಾಲಿನ ದಿನಗಳಲ್ಲಿ ಮೊದಲ ಸರದಿ ಹಸುಗೂಸಿನದು, ಅದರ ಹೊಟ್ಟೆ ತುಂಬಿದ ಮೇಲೆ ದೊಡ್ಡದರದು.