ಕೊಲೆ ಆರೋಪಿಯ ಮಾನಸಿಕ ತಪಾಸಣೆ: ಮಾಡಬೇಕಾದ್ದು, ಮಾಡಬಾರದ್ದು

ಪಿಜಿ ವೈದ್ಯರು, ವಾರ್ಡ್ ಸಿಬ್ಬಂದಿ ಮತ್ತು ಬೆಂಗಾವಲು ಪೊಲೀಸರ ಗಮನಕ್ಕೆ.

ಕೃತ್ಯದ ಭೀಕರತೆ ನೋಡಿ ರೋಗ ನಿರ್ಧರಿಸಬಾರದು. ‘ರುಂಡ ಕಡಿದಿದ್ದಾನೆ, ಹುಚ್ಚನೇ ಇರಬೇಕು’ ಎಂಬುದು ಚಹಾ ಅಂಗಡಿಯ ತೀರ್ಪು. ಗುರುತು ಸಿಗದಿರಲೆಂದು ಶವ ತುಂಡರಿಸುವವರಿದ್ದಾರೆ. ‘ಇವಳು ನನ್ನ ಹೆಂಡತಿಯಲ್ಲ, ಅವಳ ರೂಪದಲ್ಲಿ ಬಂದವಳು’ ಎಂದು ನಂಬಿ ಒಂದೇ ಏಟು ಹೊಡೆದವನೂ ಇರಬಹುದು. ಇದು ಕಾಪ್‌ಗ್ರಾ ಭ್ರಮೆ. ಅಪರೂಪ, ಆದರೆ ಕೆದಕಿ ಕೇಳದಿದ್ದರೆ ಹೊರಬೀಳುವುದಿಲ್ಲ. ಕೇಳಲೇಬೇಕು.

ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಅಂದರೆ ಹಳೆಯ ಐಪಿಸಿ 84, ಕೇಳುವುದು ಇಷ್ಟೇ: ಕೃತ್ಯದ ಹೊತ್ತಿನಲ್ಲಿ ತಾನು ಮಾಡುತ್ತಿರುವುದೇನು, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿಯೇ ಚಿತ್ತವಿಕಲತೆಯಿಂದ ಇಲ್ಲವಾಗಿತ್ತೇ? ಸ್ಕಿಜೋಫ್ರೇನಿಯಾ ಇದೆ ಎಂದು ಬರೆದ ಮಾತ್ರಕ್ಕೆ ಇದಕ್ಕೆ ಉತ್ತರ ಸಿಗುವುದಿಲ್ಲ. ಆದ್ದರಿಂದ ಕೃತ್ಯದ ಹಿಂದುಮುಂದಿನ ಗಂಟೆಗಳನ್ನು ಬಿಡಿಸಿ ಬರೆಯಬೇಕು. ಮಚ್ಚು ತೊಳೆದನೇ, ಲುಂಗಿ ಸುಟ್ಟನೇ, ಪೊಲೀಸರು ಬರುವ ತನಕ ಹೆಣದ ಪಕ್ಕ ಜಗಲಿಯಲ್ಲೇ ಕೂತಿದ್ದನೇ? ಓಡಿಹೋದ ಎಂದಾಕ್ಷಣ ‘ಬುದ್ಧಿ ನೆಟ್ಟಗಿತ್ತು’ ಎನ್ನಬಾರದು. ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆಂಬ ಭ್ರಮೆಯಲ್ಲಿದ್ದವನೂ ಓಡುತ್ತಾನೆ.

ಮನೆಯವರಿಂದ ಹಳೆಯ ಔಷಧ ಚೀಟಿಗಳನ್ನು ತರಿಸಬೇಕು. ಯಾವ ದೇವಸ್ಥಾನಕ್ಕೆ, ಯಾವ ದರ್ಗಾಕ್ಕೆ ಕರೆದೊಯ್ದಿದ್ದರು, ಯಾವಾಗ ಎಂದೂ ಕೇಳಬೇಕು. ಎಷ್ಟೋ ಮನೆಗಳಲ್ಲಿ ಕಾಯಿಲೆ ಶುರುವಾದ ದಿನಕ್ಕೆ ಇರುವ ದಾಖಲೆ ಅದೊಂದೇ.

‘ನೀವು ಹೇಳಿದ್ದು ಕೋರ್ಟಿಗೆ ಹೋಗುತ್ತದೆ’ ಎಂದು ಆರೋಪಿಗೆ ಮೊದಲೇ ತಿಳಿಸಬೇಕು. ಬೆಂಗಾವಲಿನವರು ಕಣ್ಣಳತೆಯಲ್ಲಿರಲಿ, ಕಿವಿಯಳತೆಯಲ್ಲಿ ಬೇಡ. ತನಿಖಾಧಿಕಾರಿ ಒತ್ತಾಯಿಸಿದರೂ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆಯ ಮಾತೇ ಎತ್ತಬಾರದು. ಸೆಲ್ವಿ ವಿರುದ್ಧ ಕರ್ನಾಟಕ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಅದಕ್ಕೆ ತಡೆ ಹಾಕಿದೆ.

ವರದಿಯಲ್ಲಿ ‘ನಿರಪರಾಧಿ’, ‘ಶಿಕ್ಷೆಗೆ ಅರ್ಹ’ ಎಂದು ಬರೆಯಬಾರದು. ಅದು ನ್ಯಾಯಾಧೀಶರ ಕೆಲಸ. ಈಗ ವಿಚಾರಣೆ ಎದುರಿಸಬಲ್ಲನೇ ಎಂಬುದು ಬೇರೆಯೇ ಪ್ರಶ್ನೆ. ಅಂದಿನ ಸ್ಥಿತಿಯನ್ನೂ ಇಂದಿನ ಸ್ಥಿತಿಯನ್ನೂ ಒಂದೇ ಪ್ಯಾರಾದಲ್ಲಿ ಕಲಸಬೇಡಿ.

ಟಿವಿಯವರೊಂದಿಗೆ ಮಾತು ಬೇಡ. ಮಾನಸಿಕ ರೋಗಿಗಳಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡಿದವರಲ್ಲ. ಒಂದು ಬ್ರೇಕಿಂಗ್ ನ್ಯೂಸ್ ಅವರೆಲ್ಲರ ಬಾಡಿಗೆ ಮನೆ, ಕೆಲಸ ಕಳೆಯುತ್ತದೆ.

ಔಷಧಿ ಹಿಡಿದು ಭ್ರಮೆ ಇಳಿಯುವ ವಾರಗಳಲ್ಲಿ ಹೆಚ್ಚು ಎಚ್ಚರ ಬೇಕು. ಕೊಂದದ್ದು ತನ್ನವರನ್ನೇ ಎಂಬುದು ಆರೋಪಿಗೆ ಆಗಷ್ಟೇ ಅರಿವಾಗುತ್ತಿರುತ್ತದೆ. ‘ಸುಧಾರಿಸಿದ್ದಾನೆ’ ಎಂದು ನಿಗಾ ಸಡಿಲಿಸಬಾರದು, ಒಂಟಿ ಕೋಣೆಗೆ ಹಾಕಬಾರದು. ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ ಎಂದು ಪ್ರತಿ ಪಾಳಿಯಲ್ಲೂ ನೇರವಾಗಿ ಕೇಳಿ, ಉತ್ತರವನ್ನು ಅವನ ಮಾತಿನಲ್ಲೇ ಬರೆದು ಸಹಿ ಹಾಕಬೇಕು.