ಹಿರಿಯರ ಆರೈಕೆ: ಮನೆಯಲ್ಲೋ, ಆಶ್ರಮದಲ್ಲೋ?



ಯಡ್ರಾವ, ಇಚಲಕರಂಜಿ ಕಡೆಯ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಮೆಲ್ಲನೆ ಕೇಳಿಬರುತ್ತಿದೆ. ಮಗ ಮಗ್ಗದ ರಾತ್ರಿ ಪಾಳಿಗೆ, ಸೊಸೆ ನೂಲಿನ ಗಿರಣಿಗೆ ಹೋದರೆ ಹಾಸಿಗೆ ಹಿಡಿದ ಅವ್ವನ ಬಳಿ ಇರುವವರು ಯಾರು? ಆಶ್ರಮಕ್ಕೆ ಸೇರಿಸುವುದು ಪಾಪವೇ? ಈ ತಿಂಗಳ ಅಧ್ಯಯನದಲ್ಲಿ ಇದನ್ನೇ ಯೋಚಿಸೋಣ.

ಧರ್ಮಗ್ರಂಥ ಕಲಿಸುವುದು

ತಂದೆತಾಯಿಯನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆ ಚಿಕ್ಕ ಮಕ್ಕಳಿಗಷ್ಟೇ ಅಲ್ಲ, ದುಡಿಯುವ ಮಕ್ಕಳಿಗೂ ಸೇರಿದ್ದು. ಹೆತ್ತವರಿಗೆ ಸಲ್ಲಬೇಕಾದ್ದನ್ನು ದೇವರಿಗೆ ಮೀಸಲೆಂದು ಹೇಳಿ ತಪ್ಪಿಸಿಕೊಂಡವರನ್ನು ಯೇಸುಸ್ವಾಮಿ ಖಂಡಿಸಿದರು (ಮಾರ್ಕ 7:9-13). ತಂದೆಯ ಬುದ್ಧಿ ಮಂಕಾದರೂ ಸಹನೆ ತೋರಬೇಕೆಂದು ಸಿರಾಖನ ಗ್ರಂಥ (3:12-13) ಕಲಿಸುತ್ತದೆ. ಶಿಲುಬೆಯ ಮೇಲೂ ಸ್ವಾಮಿ ತಾಯಿಯನ್ನು ಮರೆಯಲಿಲ್ಲ. ಶಿಷ್ಯನಿಗೆ ಒಪ್ಪಿಸಿದರು, ಆತ ಆಕೆಯನ್ನು ತನ್ನ ಮನೆಗೆ ಕರೆದೊಯ್ದ (ಯೊವಾನ್ನ 19:26-27). ಆತ ಮರಿಯಮ್ಮನವರು ಹೆತ್ತ ಮಗನಲ್ಲ. ಆದ್ದರಿಂದ ಹಿರಿಯರ ಭಾರ ಒಂದೇ ಮನೆಯದಲ್ಲ, ಸಭೆಯದೂ ಹೌದು.

1839ರ ಚಳಿಗಾಲದಲ್ಲಿ ಫ್ರಾನ್ಸಿನ ಝಾನ್ ಜುಗಾನ್ ಎಂಬಾಕೆ ಕುರುಡಿಯಾದ ಒಬ್ಬ ಮುದುಕಿಯನ್ನು ತಮ್ಮ ಬಾಡಿಗೆ ಮನೆಗೆ ಕರೆತಂದು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಬಡವರ ಚಿಕ್ಕ ಸಹೋದರಿಯರ ಸಭೆ ಹುಟ್ಟಿದ್ದು ಹೀಗೆ. 1882ರಲ್ಲಿ ಅವರು ಕೊಲ್ಕತ್ತಾಕ್ಕೆ ಬಂದರು. ಬೆಂಗಳೂರಿನಲ್ಲೂ ಅವರ ವೃದ್ಧಾಶ್ರಮವಿದೆ. 2009ರಲ್ಲಿ ಝಾನ್ ಸಂತರೆಂದು ಘೋಷಿತರಾದರು. ಪ್ರೀತಿಯಿದ್ದಲ್ಲಿ ಆಶ್ರಮವೂ ಮನೆಯೇ.

ತೂಗಿ ನೋಡೋಣ

ಮನೆಯಲ್ಲಾದರೆ ಪರಿಚಿತ ಮುಖ, ಪರಿಚಿತ ಊಟ, ಮೊಮ್ಮಕ್ಕಳ ಸದ್ದು. ಆದರೆ ಎದ್ದೇಳಲಾಗದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಇದನ್ನೆಲ್ಲ ಒಬ್ಬ ಸೊಸೆಯ ಮೇಲೆ ಹೊರಿಸಿ ‘ನಾವು ಅವ್ವನನ್ನು ಮನೆಯಲ್ಲೇ ನೋಡಿಕೊಂಡೆವು’ ಎಂದು ಹೇಳಿಕೊಳ್ಳುವುದು ನ್ಯಾಯವಲ್ಲ. ಗಂಡುಮಕ್ಕಳೂ ಪಾಳಿ ಹಂಚಿಕೊಳ್ಳಬೇಕು.

ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಆಸ್ಪತ್ರೆ. ಅಲ್ಲಿ ಇರುವುದು ಕೆಲವು ದಿನ. ವೃದ್ಧಾಶ್ರಮಗಳಲ್ಲಿ ನಡೆದಾಡುವವರನ್ನು ಮಾತ್ರ ಸೇರಿಸಿಕೊಳ್ಳುವವೂ ಇವೆ. ಆದ್ದರಿಂದ ಮೊದಲೇ ಕೇಳಿ: ಹಾಸಿಗೆ ಹಿಡಿದರೂ ಇರಿಸಿಕೊಳ್ಳುತ್ತೀರಾ? ರಾತ್ರಿ ದಾದಿ ಇರುತ್ತಾರಾ? ಯಾವ ದಿನವಾದರೂ ಬಂದು ನೋಡಬಹುದೇ? ಗುರುಗಳು ಪರಮಪ್ರಸಾದ ತರಬಹುದೇ?

ನಮ್ಮಂಥವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಭಾಷೆಯದು. ನೆನಪು ಕುಂದಿದಾಗ ಆಮೇಲೆ ಕಲಿತ ಮರಾಠಿ ಎಷ್ಟೋ ಸಲ ಮೊದಲು ಮಾಸಿ, ತಾಯ್ನುಡಿ ಉಳಿಯುತ್ತದೆ. ‘ಹೊಟ್ಟ್ಯಾಗ ಸಂಕಟ ಆಗ್ತದ’ ಎಂದು ಅಜ್ಜಿ ಹೇಳಿದರೆ, ಸಂಕಟವೆಂದರೆ ವಿಪತ್ತು ಎಂದು ತಿಳಿಯುವ ಮರಾಠಿ ದಾದಿಗೆ ಏನು ಅರ್ಥವಾದೀತು? ನೀರು, ನೋವು, ಚಳಿ, ಪಾಯಖಾನೆ ಮುಂತಾದ ಮಾತುಗಳನ್ನು ಎರಡೂ ಭಾಷೆಯಲ್ಲಿ ಬರೆದು ಹಾಸಿಗೆಯ ಪಕ್ಕ ಅಂಟಿಸಿ. ಪಾಪನಿವೇದನೆಗೆ ಕನ್ನಡ ಬಲ್ಲ ಗುರುಗಳನ್ನು ಕರೆಸಿ.

ತಿಳಿದಿರಬೇಕಾದ್ದು

2007ರ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಂತೆ ಹಿರಿಯರು ಜೀವನಾಂಶಕ್ಕಾಗಿ ನ್ಯಾಯಮಂಡಳಿಗೆ ಹೋಗಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟಿದ್ದು, ಪಡೆದವರು ಕೈಬಿಟ್ಟರೆ ಆ ಪತ್ರ ರದ್ದಾಗಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸಿ. 70 ದಾಟಿದವರಿಗೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಸಿಗುತ್ತದೆ. ಮನೆಯ ಆರೈಕೆಯವರ ಸಂಬಳಕ್ಕೆ ಅಲ್ಲ. ಹಿರಿಯರ ಸಹಾಯವಾಣಿ: 14567.

ಕೊನೆಯದಾಗಿ, ನಿರ್ಧಾರಕ್ಕೆ ಮೊದಲು ಅವರನ್ನೇ ಕೇಳೋಣ: ‘ಅವ್ವಾ, ನಿನಗ ಎಲ್ಲಿ ಇರಬೇಕನಸ್ತದ?’ ಉತ್ತರ ಬರುವತನಕ ಪಕ್ಕದಲ್ಲಿ ಕೂರೋಣ. ಎಲ್ಲಿ ಇರಿಸಿದರೂ ಹೋಗಿ ನೋಡುವುದನ್ನು ಬಿಟ್ಟರೆ, ಅದೇ ಕೈಬಿಟ್ಟಂತೆ.

ಕಿರು ಸಮುದಾಯದಲ್ಲಿ ಚರ್ಚಿಸಲು

1. ನಮ್ಮ ಓಣಿಯಲ್ಲಿ ಬಲಿಪೂಜೆಗೆ ಬರಲಾಗದ ಹಿರಿಯರು ಯಾರು? ಅವರ ಹೆಸರನ್ನು ಗುರುಗಳಿಗೆ ತಿಳಿಸಿದ್ದೇವೆಯೇ?
2. ಆರೈಕೆ ಮಾಡುವವರಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಡಲು ನಮ್ಮಲ್ಲಿ ಯಾರು ಸಿದ್ಧ?
3. ಆಶ್ರಮದಲ್ಲಿರುವ ನಮ್ಮವರೊಡನೆ ಕನ್ನಡದಲ್ಲಿ ಜಪಮಾಲೆ ಮಾಡಲು ತಿಂಗಳಿಗೊಮ್ಮೆ ಹೋಗಬಹುದೇ?